ಪಾಲಿನ ಬ್ಯಾಕ್‌ಫೀಲ್ಡ್‌ನಲ್ಲಿ ಹೊಸ ರನ್ನಿಂಗ್ ಬ್ಯಾಕ್: ಫ್ಯಾಂಟಸಿ ಫುಟ್‌ಬಾಲ್‌ನ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ನಡೆಸುವ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಕೊಟ್ಟ ಚೆಂಡನ್ನು ಎದೆಗವಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಸಂದು ಹುಡುಕಿ ನುಗ್ಗುವ ಆಟಗಾರನೇ ರನ್ನಿಂಗ್ ಬ್ಯಾಕ್. ಪ್ಲೇ ಶುರುವಾಗುವ ಗೆರೆಯ ಹಿಂದೆ ಅವನು ನಿಲ್ಲುವ ಜಾಗಕ್ಕೆ ಬ್ಯಾಕ್‌ಫೀಲ್ಡ್ ಎಂದು ಹೆಸರು. ಒಂದು ಕಾಲದಲ್ಲಿ ಆ ಜಾಗ ಬಹುಪಾಲು ತಂಡಗಳಲ್ಲಿ ಒಬ್ಬನದೇ ಸ್ವತ್ತು. ಪಂದ್ಯಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ಅವನೇ ಓಡುತ್ತಿದ್ದ. ಈಗ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ, ಅಂದರೆ ಎನ್‌ಎಫ್‌ಎಲ್‌ನ, ಎಷ್ಟೋ ತಂಡಗಳು ಆ ಕೆಲಸವನ್ನು ಇಬ್ಬರಿಗೆ, ಕೆಲವು ಮೂವರಿಗೆ ಹಂಚುತ್ತವೆ. ಓಡುವವನ ಮೈಮೇಲೆ ಪ್ರತಿ ಸಲವೂ ನೂರು ಕಿಲೋ ಮೀರಿದ ಆಳುಗಳು ಬಂದು ಬೀಳುತ್ತಾರೆ. ಆ ಪೆಟ್ಟು ತಿನ್ನುವ ಮಂಡಿ ಮತ್ತು ಪಕ್ಕೆಲುಬುಗಳ ಆಯುಷ್ಯ ಕಡಿಮೆ. ಹಾಗಾಗಿ ಹೊರೆಯನ್ನು ಹಂಚುವುದು ತಂಡಕ್ಕೆ ಜಾಣತನ. ಆದರೆ ಆ ಆಟಗಾರರ ಅಂಕಗಳನ್ನು ನಂಬಿ ತನ್ನದೇ ಕಾಲ್ಪನಿಕ ತಂಡ ಕಟ್ಟುವ ಫ್ಯಾಂಟಸಿ ಫುಟ್‌ಬಾಲ್ ಆಟಗಾರನಿಗೆ ಇದು ದೊಡ್ಡ ತಲೆನೋವು. ಕಾಲೇಜಿನಿಂದ ಆಗಷ್ಟೇ ಬಂದ ಹೊಸಬ, ಅಂದರೆ ರೂಕಿ, ಆಗಲೇ ಬೇರೂರಿದ ಹಿರಿಯನೊಬ್ಬನ ಜೊತೆ ಬ್ಯಾಕ್‌ಫೀಲ್ಡ್ ಹಂಚಿಕೊಳ್ಳಬೇಕಾದಾಗ ಅವನಿಗೆ ಕಟ್ಟುವ ಬೆಲೆ ಎಷ್ಟು? ಪ್ರತಿ ವರ್ಷ ಆಗಸ್ಟ್‌ನಲ್ಲಿ ಲಕ್ಷಾಂತರ ಜನ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದು.

ಫ್ಯಾಂಟಸಿ ಫುಟ್‌ಬಾಲ್‌ನ ಹುಟ್ಟು 1962ರಲ್ಲಿ. ಓಕ್ಲಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್, ತಂಡ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕ್‌ನ ಹೋಟೆಲ್‌ನಲ್ಲಿ ಸಂಗಡಿಗರ ಜೊತೆ ಕುಳಿತು ಇದರ ನಿಯಮ ರೂಪಿಸಿದರು. ಮೊದಲ ಡ್ರಾಫ್ಟ್, ಅಂದರೆ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುವ ಕೂಟ, ಮರುವರ್ಷ ಓಕ್ಲಂಡ್‌ನಲ್ಲಿ ನಡೆಯಿತು. ನಮ್ಮಲ್ಲಿ ಡ್ರೀಮ್11ರಂಥ ವೇದಿಕೆಗಳಿಂದ ಪರಿಚಿತವಾದ ಫ್ಯಾಂಟಸಿ ಕ್ರಿಕೆಟ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಒಂದೊಂದು ಪಂದ್ಯಕ್ಕೂ ಹೊಸ ತಂಡ ಕಟ್ಟಬಹುದು, ಒಬ್ಬನೇ ಬ್ಯಾಟರನ್ನು ಸಾವಿರಾರು ಜನ ಆರಿಸಿಕೊಳ್ಳಬಹುದು. ಋತುವಿಡೀ ನಡೆಯುವ ಫುಟ್‌ಬಾಲ್ ಲೀಗ್‌ನಲ್ಲಿ ಹತ್ತೋ ಹನ್ನೆರಡೋ ಜನ ಸರದಿಯ ಪ್ರಕಾರ ಆಟಗಾರರನ್ನು ಎತ್ತಿಕೊಳ್ಳುತ್ತಾರೆ; ಒಮ್ಮೆ ಒಬ್ಬರ ಪಾಲಾದ ಆಟಗಾರ ಆ ಲೀಗ್‌ನ ಬೇರೆ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಆಟಗಾರ ಒಳ್ಳೆಯವನೇ ಎಂದು ನೋಡಿದರೆ ಸಾಲದು. ಯಾವ ಸುತ್ತಿನಲ್ಲಿ ಎತ್ತಿಕೊಂಡರೆ ಲಾಭ ಎಂದೂ ನೋಡಬೇಕು. ಅಂಕದ ಲೆಕ್ಕ ಸರಳ: ಹತ್ತು ಗಜಕ್ಕೆ ಒಂದು ಅಂಕ, ಚೆಂಡನ್ನು ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ ಆರು. ಬಹಳ ಲೀಗ್‌ಗಳು ಹಿಡಿದ ಪ್ರತಿ ಪಾಸ್‌ಗೆ ಇನ್ನೊಂದು ಅಂಕ ಕೂಡಿಸುತ್ತವೆ. ಪಿಪಿಆರ್ ಎನ್ನುವುದು ಈ ಪದ್ಧತಿಯನ್ನೇ. ಕೆಲವು ಲೀಗ್‌ಗಳಲ್ಲಿ ಅದು ಅರ್ಧ ಅಂಕ. ಚೆಂಡು ಕೈಜಾರಿ ಎದುರಾಳಿಯ ಪಾಲಾದರೆ ಅಂಕ ಕಳೆಯುತ್ತಾರೆ. ಮುಂದಿನ ಲೆಕ್ಕಗಳಲ್ಲಿ ಆ ಕಡಿತವನ್ನು ಹಿಡಿದಿಲ್ಲ.

ಹಂಚಿಕೊಂಡ ಬ್ಯಾಕ್‌ಫೀಲ್ಡ್‌ನ ಬಗ್ಗೆ ಈ ವಲಯದಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಬುದ್ಧಿಮಾತು ಒಂದೇ: ದೂರವಿರಿ. ಇಬ್ಬರಿದ್ದರೆ ಅಂಕವೂ ಅರ್ಧ, ಯಾವ ವಾರ ಯಾರಿಗೆ ಎಂಬುದೂ ಗೊತ್ತಾಗದು ಎಂಬುದು ಅದರ ತರ್ಕ. ಈ ತರ್ಕ ಅಳೆಯುವುದು ಪಾಲಿನ ಗಾತ್ರವನ್ನು ಮಾತ್ರ. ಯಾವ ನೆಲ ಯಾರ ಪಾಲಿಗೆ ಬಂತು ಎಂದು ಅದು ಕೇಳುವುದೇ ಇಲ್ಲ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಎಕರೆಗಳನ್ನಷ್ಟೇ ಎಣಿಸಿ ಸುಮ್ಮನಾಗುವವರು ಯಾರೂ ಇಲ್ಲ. ನಾಲ್ಕು ಎಕರೆ ಖುಷ್ಕಿಗೆ ಎರಡು ಎಕರೆ ತರಿ ಸಮನಾಗಬಹುದು, ಮಿಗಿಲೂ ಆಗಬಹುದು. ಬ್ಯಾಕ್‌ಫೀಲ್ಡ್‌ನಲ್ಲಿಯೂ ತರಿ ಜಮೀನು ಇದೆ. ಒಂದು, ರನ್ನಿಂಗ್ ಬ್ಯಾಕ್‌ನ ಕಡೆಗೆ ಎಸೆಯುವ ಪಾಸ್‌ಗಳು. ಇನ್ನೊಂದು, ಗೋಲ್ ಗೆರೆಗೆ ನಾಲ್ಕೈದು ಗಜ ಉಳಿದಾಗಿನ ಓಟಗಳು. ಮೈದಾನದ ನಡುವೆ ಓಡುವ ಮಿಕ್ಕ ಓಟಗಳೆಲ್ಲ ಖುಷ್ಕಿ. ಬೆವರು ಹೆಚ್ಚು, ಫಸಲು ಕಡಿಮೆ. ಹೊಸಬನಿಗೆ ಈ ಎರಡು ತರಿಗಳಲ್ಲಿ ಒಂದಾದರೂ ದಕ್ಕಿದ್ದರೆ, ಮತ್ತು ಅವನ ತಂಡ ಒಟ್ಟಾರೆ ಚೆನ್ನಾಗಿ ಅಂಕ ಗಳಿಸುವಂಥದ್ದಾಗಿದ್ದರೆ, ಜೊತೆಯಲ್ಲಿ ಇನ್ನೊಬ್ಬನಿದ್ದಾನೆ ಎಂದು ಅವನನ್ನು ಬಿಟ್ಟುಕೊಡಬೇಕಾಗಿಲ್ಲ. ಎರಡೂ ದಕ್ಕದಿದ್ದರೆ ಅವನು ಎಷ್ಟೇ ಪ್ರತಿಭಾವಂತನಾಗಿದ್ದರೂ ಕಾಯಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಡೆಟ್ರಾಯಿಟ್ ಲಯನ್ಸ್ ತಂಡದ 2023ರ ಋತುವಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

2022ರಲ್ಲಿ ಲಯನ್ಸ್ ಪರ ಓಡಿದ ಜಮಾಲ್ ವಿಲಿಯಮ್ಸ್ 17 ಟಚ್‌ಡೌನ್ ಗಳಿಸಿ ಓಟದ ಟಚ್‌ಡೌನ್‌ಗಳಲ್ಲಿ ಲೀಗ್‌ಗೇ ಮೊದಲಿಗರಾಗಿದ್ದರು. ಅವರು ತಂಡ ಬಿಟ್ಟು ನ್ಯೂ ಆರ್ಲಿಯನ್ಸ್‌ಗೆ ಹೋದರು. ಅವರ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಚಿಕಾಗೊ ಬೇರ್ಸ್‌ನಿಂದ ಡೇವಿಡ್ ಮಾಂಟ್ಗಮರಿ ಮೂರು ವರ್ಷ, 1.8 ಕೋಟಿ ಡಾಲರ್‌ಗಳ ಒಪ್ಪಂದದ ಮೇಲೆ ಬಂದರು. ಅದಾಗಿ ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ತಂಡ ತನ್ನ 12ನೇ ಸ್ಥಾನದ ಆಯ್ಕೆಯನ್ನು ಅಲಬಾಮ ವಿಶ್ವವಿದ್ಯಾಲಯದ ಜಮೀರ್ ಗಿಬ್ಸ್ ಮೇಲೆ ಹಾಕಿತು. ಆಗ ತಾನೇ ಒಬ್ಬ ರನ್ನಿಂಗ್ ಬ್ಯಾಕನ್ನು ಕೊಂಡ ತಂಡ ಇಷ್ಟು ಮುಂಚೆ ಇನ್ನೊಬ್ಬನನ್ನು ಎತ್ತಿಕೊಂಡದ್ದಕ್ಕೆ ಟೀಕೆ ಸುರಿಯಿತು. ಎರಡು ದಿನ ಕಳೆದು, ಅದುವರೆಗೆ ತಂಡದಲ್ಲಿದ್ದ ರನ್ನಿಂಗ್ ಬ್ಯಾಕ್ ಡಿಆಂಡ್ರೆ ಸ್ವಿಫ್ಟ್ ಫಿಲಡೆಲ್ಫಿಯಕ್ಕೆ ಸಾಗಿದರು. ಗಮನವಿಟ್ಟು ನೋಡಿದವರಿಗೆ ಇದರಲ್ಲೇ ಸುಳಿವಿತ್ತು. ಮಾಂಟ್ಗಮರಿ ನಡುವೆ ನುಗ್ಗಿ ಗುದ್ದಾಡುವ ಗಟ್ಟಿಗ. ಗಿಬ್ಸ್ ಹಾಗಲ್ಲ, ಅಲಬಾಮದಲ್ಲಿ ಆಡಿದ ಒಂದೇ ವರ್ಷದಲ್ಲಿ 44 ಪಾಸ್ ಹಿಡಿದು 444 ಗಜ ಗಳಿಸಿದ ವೇಗಿ. ಒಂದೇ ಕೆಲಸಕ್ಕೆ ಇಬ್ಬರು ಪೈಪೋಟಿಗೆ ಬಿದ್ದಂತೆ ಕಂಡರೂ ತಂಡ ಅವರನ್ನು ತಂದದ್ದು ಎರಡು ಬೇರೆ ಬೇರೆ ಕೆಲಸಗಳಿಗೆ. ಫ್ಯಾಂಟಸಿ ಡ್ರಾಫ್ಟ್‌ಗಳಲ್ಲಿ ಗಿಬ್ಸ್ ಮೂರನೇ ಸುತ್ತಿನ ಆಸುಪಾಸಿನಲ್ಲಿ ಹೋದರು. ಮಾಂಟ್ಗಮರಿ ಹಲವು ಸುತ್ತು ತಡವಾಗಿ.

ಆರಂಭದಲ್ಲಿ ಟೀಕಾಕಾರರ ಮಾತೇ ನಿಜವಾದಂತಿತ್ತು. ಸೆಪ್ಟೆಂಬರ್ 7ರಂದು ಕಾನ್ಸಾಸ್ ಸಿಟಿಯಲ್ಲಿ ನಡೆದ ಮೊದಲ ಪಂದ್ಯವನ್ನು ಲಯನ್ಸ್ 21–20ರಿಂದ ಗೆದ್ದಿತು. ಮಾಂಟ್ಗಮರಿ 21 ಸಲ ಓಡಿದರು, ಗಿಬ್ಸ್ 7 ಸಲ. ನಾಲ್ಕನೇ ವಾರ ಗ್ರೀನ್ ಬೇಯಲ್ಲಿ ಮಾಂಟ್ಗಮರಿ 32 ಓಟ, 121 ಗಜ, 3 ಟಚ್‌ಡೌನ್. ಗಿಬ್ಸ್ 8 ಓಟ, 40 ಗಜ. ಮೊದಲ ನಾಲ್ಕು ಪಂದ್ಯಗಳಲ್ಲಿ ಹೊಸಬನ ಹೆಸರಿಗೆ ಒಂದೂ ಟಚ್‌ಡೌನ್ ಇರಲಿಲ್ಲ. ಆಮೇಲೆ ತೊಡೆಯ ಸ್ನಾಯು ನೋವಿನಿಂದ ಎರಡು ಪಂದ್ಯ ಹೊರಗೆ ಕೂತರು. ಮೂರನೇ ಸುತ್ತಿನ ಬೆಲೆ ತೆತ್ತವರು ಕೈಕೈ ಹಿಸುಕಿಕೊಳ್ಳುತ್ತಿದ್ದ ಹೊತ್ತಿಗೆ ಟ್ಯಾಂಪಾದಲ್ಲಿ ಮಾಂಟ್ಗಮರಿಯ ಪಕ್ಕೆಲುಬಿಗೆ ಪೆಟ್ಟಾಯಿತು. ಏಳನೇ ವಾರ ಬಾಲ್ಟಿಮೋರ್‌ನಲ್ಲಿ ತಂಡ 38–6ರಿಂದ ಸೋತರೂ ಗಿಬ್ಸ್ 9 ಪಾಸ್ ಹಿಡಿದು ತಮ್ಮ ಮೊದಲ ಟಚ್‌ಡೌನ್ ಗಳಿಸಿದರು. ಎಂಟನೇ ವಾರ, ಅಕ್ಟೋಬರ್ 30ರ ಸೋಮವಾರ ರಾತ್ರಿ, ಲಾಸ್ ವೇಗಸ್ ರೈಡರ್ಸ್ ವಿರುದ್ಧ 26 ಓಟಗಳಲ್ಲಿ 152 ಗಜ ಓಡಿದರು. ಗಾಯದಿಂದ ಮರಳಿ ಆಡಿದ ಹನ್ನೊಂದು ಪಂದ್ಯಗಳಲ್ಲಿ ಗಿಬ್ಸ್ ಗಳಿಸಿದ್ದು ಹನ್ನೊಂದು ಟಚ್‌ಡೌನ್.

ಋತು ಮುಗಿದಾಗಿನ ಅಂಕಿಗಳನ್ನು ಹತ್ತಿರ ಹಿಡಿದು ನೋಡಬೇಕು, ಏಕೆಂದರೆ ಯಾರೋ ಪ್ರಯೋಗಾಲಯದಲ್ಲಿ ಅಳೆದು ಇಟ್ಟಂತಿವೆ. ಗಿಬ್ಸ್ 15 ಪಂದ್ಯಗಳಲ್ಲಿ 182 ಸಲ ಓಡಿ 945 ಗಜ, 10 ಟಚ್‌ಡೌನ್ ಗಳಿಸಿದರು. 52 ಪಾಸ್ ಹಿಡಿದು 316 ಗಜ, 1 ಟಚ್‌ಡೌನ್. ಮಾಂಟ್ಗಮರಿ 14 ಪಂದ್ಯಗಳಲ್ಲಿ 219 ಸಲ ಓಡಿ 1,015 ಗಜ, 13 ಟಚ್‌ಡೌನ್. 16 ಪಾಸ್, 117 ಗಜ. ಚೆಂಡು ಗಿಬ್ಸ್ ಕೈಗೆ ಬಂದದ್ದು 234 ಸಲ, ಮಾಂಟ್ಗಮರಿ ಕೈಗೆ 235 ಸಲ. ಇದಕ್ಕಿಂತ ಸರಿಸಮನಾದ ಪಾಲನ್ನು ತಕ್ಕಡಿ ಹಿಡಿದು ತೂಗಿದರೂ ಮಾಡಲಾಗದು. ಪಾಸ್ ಹಿಡಿದದ್ದಕ್ಕೆ ಅಂಕ ಕೊಡದ ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಗಿಬ್ಸ್‌ಗೆ 192.1, ಮಾಂಟ್ಗಮರಿಗೆ 191.2. ಅದೂ ಸಮ. ಆದರೆ ಪಿಪಿಆರ್ ಪದ್ಧತಿಯಲ್ಲಿ 244.1 ಮತ್ತು 207.2. ಇಬ್ಬರ ನಡುವಿನ ಅಂತರ ಸುಮಾರು 37 ಅಂಕ. ಅದರಲ್ಲಿ 36 ಬಂದದ್ದು ಗಿಬ್ಸ್ ಹೆಚ್ಚಾಗಿ ಹಿಡಿದ 36 ಪಾಸ್‌ಗಳಿಂದ. ಗಿಬ್ಸ್‌ರ ಒಂದೊಂದು ಓಟ ಸರಾಸರಿ 0.85 ಅಂಕ ತಂದಿತು. ಹಿಡಿದ ಒಂದೊಂದು ಪಾಸ್ 1.72 ಅಂಕ. ತರಿಯ ಬೆಲೆ ಖುಷ್ಕಿಯ ಎರಡರಷ್ಟು. ಇದೇ ಅಂಕಿಗಳು ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತವೆ. ಪಾಸ್‌ಗೆ ಅಂಕವಿಲ್ಲದ ಲೀಗ್‌ನಲ್ಲಿ ಪಂದ್ಯಕ್ಕಿಷ್ಟು ಎಂದು ನೋಡಿದರೆ ಮಾಂಟ್ಗಮರಿಯೇ ಮುಂದಿದ್ದರು, ಅದೂ ಅಗ್ಗದ ಬೆಲೆಗೆ. ಹಾಗಾಗಿ ತಮ್ಮ ಲೀಗ್‌ನ ಅಂಕಪದ್ಧತಿ ಯಾವುದೆಂದು ನೋಡದೆ, ಬೇರೆ ಯಾರದೋ ಪಟ್ಟಿ ನಂಬಿ ಡ್ರಾಫ್ಟ್‌ಗೆ ಕೂರುವುದು ಸರ್ವೇ ನಂಬರ್ ನೋಡದೆ ಜಮೀನು ಕೊಂಡಂತೆ.

ಡೆಟ್ರಾಯಿಟ್ ಒಂದೇ ಆದರೆ ಅದನ್ನು ಅಪವಾದ ಎಂದು ತಳ್ಳಿಹಾಕಬಹುದಿತ್ತು. ಅದಕ್ಕೂ ಆರು ವರ್ಷ ಹಿಂದೆ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲೂ ಇದೇ ನಡೆದಿತ್ತು. 2017ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ, 67ನೆಯವರಾಗಿ ಬಂದ ಆಲ್ವಿನ್ ಕಮಾರಾ ಮುಂದೆ ಇಬ್ಬರು ಹಿರಿಯರಿದ್ದರು: ಮಾರ್ಕ್ ಇಂಗ್ರಮ್ ಮತ್ತು ಆಗ ತಾನೇ ಬಂದಿದ್ದ ಏಡ್ರಿಯನ್ ಪೀಟರ್ಸನ್. ಪೀಟರ್ಸನ್ ಅಕ್ಟೋಬರ್‌ನಲ್ಲಿ ಅರಿಜೋನಾಕ್ಕೆ ಹೋದರು. ಇಂಗ್ರಮ್ ಮಾತ್ರ ಎಲ್ಲೂ ಕದಲಲಿಲ್ಲ. 230 ಸಲ ಓಡಿ 1,124 ಗಜ, 12 ಟಚ್‌ಡೌನ್ ಗಳಿಸಿದರು. ಕಮಾರಾ ಓಡಿದ್ದು ಅದರ ಅರ್ಧದಷ್ಟು, 120 ಸಲ. 728 ಗಜ, 8 ಟಚ್‌ಡೌನ್. ಆದರೆ 81 ಪಾಸ್ ಹಿಡಿದು 826 ಗಜ, 5 ಟಚ್‌ಡೌನ್ ಸೇರಿಸಿದರು. ಪಿಪಿಆರ್ ಲೆಕ್ಕದಲ್ಲಿ ಕಮಾರಾಗೆ 314.4, ಇಂಗ್ರಮ್‌ಗೆ 284. ಒಂದೇ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ಓಟ ಮತ್ತು ಪಾಸ್ ಸೇರಿ ತಲಾ 1,500 ಗಜ ದಾಟಿದ್ದು ಎನ್‌ಎಫ್‌ಎಲ್ ಇತಿಹಾಸದಲ್ಲಿ ಅದೇ ಮೊದಲು. ಒಬ್ಬನ ತಾಟಿಗೆ ಬಡಿಸಿದ್ದು ಇನ್ನೊಬ್ಬನ ತಾಟಿನಿಂದ ತೆಗೆದದ್ದೇ ಆಗಿರಬೇಕು ಎಂಬ ಭಾವನೆ ಇಲ್ಲಿ ಮುರಿದುಬೀಳುತ್ತದೆ. ಅಡುಗೆಯೇ ಸಮೃದ್ಧವಾಗಿದ್ದಾಗ ಇಬ್ಬರೂ ಹೊಟ್ಟೆ ತುಂಬ ಉಂಡು ಏಳುತ್ತಾರೆ. 2023ರ ಸೆಪ್ಟೆಂಬರ್ 24ರಂದು ಮಯಾಮಿ ಡಾಲ್ಫಿನ್ಸ್ ತಂಡ ಡೆನ್ವರ್ ಬ್ರಾಂಕೋಸ್ ತಂಡವನ್ನು 70–20ರಿಂದ ಬಗ್ಗುಬಡಿದ ದಿನ ಹೊಸಬ ಡಿವಾನ್ ಏಚಾನ್ 203 ಗಜ ಓಡಿ ನಾಲ್ಕು ಟಚ್‌ಡೌನ್ ಗಳಿಸಿದರು; ಅದೇ ಪಂದ್ಯದಲ್ಲಿ ಅವರ ಜೊತೆಗಾರ, ಹಿರಿಯ ರಹೀಮ್ ಮೋಸ್ಟರ್ಟ್ ಕೂಡ ನಾಲ್ಕು.

ಪಾಸ್‌ಗಳು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಟಿಮೋರ್ ರೇವನ್ಸ್ ತಂಡದ ಜೆ. ಕೆ. ಡಾಬಿನ್ಸ್ ಸಾಕ್ಷಿ. 2020ರಲ್ಲಿ ಹೊಸಬರಾಗಿ ಅವರು 134 ಸಲ ಓಡಿ 805 ಗಜ, 9 ಟಚ್‌ಡೌನ್ ಗಳಿಸಿದರು. ಒಂದು ಓಟಕ್ಕೆ ಆರು ಗಜ. ಕಮಾರಾ ಮಟ್ಟದ್ದೇ ಓಟ. ಬರೀ ಓಟದ ಅಂಕ ತೆಗೆದುಕೊಂಡರೆ ಡಾಬಿನ್ಸ್‌ಗೆ 134.5, ಕಮಾರಾಗೆ 120.8, ಡಾಬಿನ್ಸ್ ಅವರೇ ಮೇಲು. ಆದರೆ ಡಾಬಿನ್ಸ್ ಹಿಡಿದ ಪಾಸ್‌ಗಳು 18. ಅವುಗಳಿಂದ ಬಂದ ಅಂಕ 30. ಕಮಾರಾಗೆ ಅದೇ ಬಾಬ್ತಿನಲ್ಲಿ 193.6. ಒಟ್ಟಿನಲ್ಲಿ ಡಾಬಿನ್ಸ್ 164.5ಕ್ಕೆ ನಿಂತರು. ಅದೇ ಹೆಜ್ಜೆಯಲ್ಲಿ ಓಡಿದ ಇಬ್ಬರು ಹೊಸಬರಲ್ಲಿ ಒಬ್ಬನ ಫ್ಯಾಂಟಸಿ ಬೆಲೆ ಇನ್ನೊಬ್ಬನದರ ಅರ್ಧ. ಬಾಲ್ಟಿಮೋರ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಆ ವರ್ಷ ತಾವೇ 1,005 ಗಜ ಓಡಿ 7 ಟಚ್‌ಡೌನ್ ಗಳಿಸಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಬ್ಯಾಕ್‌ಫೀಲ್ಡ್‌ನ ಪಾಲುದಾರ ಎಂದಾಗ ಎಲ್ಲರ ಕಣ್ಣು ಇನ್ನೊಬ್ಬ ರನ್ನಿಂಗ್ ಬ್ಯಾಕ್ ಮೇಲಿರುತ್ತದೆ. ಓಡುವ ಕ್ವಾರ್ಟರ್‌ಬ್ಯಾಕ್ ಅವನಿಗಿಂತ ದೊಡ್ಡ ಪಾಲುದಾರ. ಇಕ್ಕಟ್ಟಿನಲ್ಲಿ ರನ್ನಿಂಗ್ ಬ್ಯಾಕ್‌ಗೆ ಚಿಕ್ಕ ಪಾಸ್ ಎಸೆಯಬೇಕಾದ ಹೊತ್ತಿನಲ್ಲಿ ಅವನೇ ಓಡುತ್ತಾನೆ, ಗೋಲ್ ಗೆರೆಯ ಹತ್ತಿರವೂ ಅವನೇ ನುಗ್ಗುತ್ತಾನೆ. ಹೀಗೆ ಎರಡು ತರಿಗೂ ಅವನು ಕೈಹಾಕುತ್ತಾನೆ. ಡೆಟ್ರಾಯಿಟ್ ಬಿಟ್ಟು ಫಿಲಡೆಲ್ಫಿಯಕ್ಕೆ ಹೋದ ಸ್ವಿಫ್ಟ್ 2023ರಲ್ಲಿ 1,049 ಗಜ ಓಡಿದರೂ ಓಟದ ಟಚ್‌ಡೌನ್ ಸಿಕ್ಕಿದ್ದು ಐದೇ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಹದಿನೈದು ಗಳಿಸಿದ್ದರು. ತೊಂಬತ್ತು ಗಜ ಸಾಗಿಸಿದವನ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಡೆಟ್ರಾಯಿಟ್‌ನ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಓಡುವ ಜಾಯಮಾನದವರಲ್ಲ. ಆದ್ದರಿಂದಲೇ ಗಿಬ್ಸ್ ಮತ್ತು ಮಾಂಟ್ಗಮರಿ ಸೇರಿ ಓಟದಿಂದ 23 ಟಚ್‌ಡೌನ್ ಹಂಚಿಕೊಳ್ಳಲು ಸಾಧ್ಯವಾಯಿತು.

ಗೆದ್ದವರನ್ನು ಮಾತ್ರ ಆರಿಸಿ ತೋರಿಸುತ್ತಿದ್ದೀರಿ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಸೋತವರ ಪಟ್ಟಿ ಉದ್ದವಿದೆ, ಅದರಲ್ಲಿ ದೊಡ್ಡ ಹೆಸರುಗಳೂ ಇವೆ. 2018ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡ ಮೊದಲ ಸುತ್ತಿನಲ್ಲೇ, 27ನೇ ಆಯ್ಕೆಯಾಗಿ ರಶಾದ್ ಪೆನ್ನಿಯನ್ನು ತೆಗೆದುಕೊಂಡಿತು. ಹಿಂದಿನ ವರ್ಷ ಸ್ಯಾನ್ ಡಿಯೇಗೊ ಸ್ಟೇಟ್ ಪರ 2,248 ಗಜ ಓಡಿದ್ದ ಆಟಗಾರ ಅವರು. ಆದರೆ ಸಿಯಾಟಲ್‌ನಲ್ಲಿ ಕ್ರಿಸ್ ಕಾರ್ಸನ್ 1,151 ಗಜ ಓಡಿ ಜಾಗ ಬಿಟ್ಟುಕೊಡಲಿಲ್ಲ. ಪೆನ್ನಿಗೆ ಸಿಕ್ಕಿದ್ದು 85 ಓಟ, 9 ಪಾಸ್. ಅದೇ ವರ್ಷ ಟ್ಯಾಂಪಾ ಬೇ ಎರಡನೇ ಸುತ್ತಿನಲ್ಲಿ ಆರಿಸಿದ ರೊನಾಲ್ಡ್ ಜೋನ್ಸ್ ಇಡೀ ಋತುವಿನಲ್ಲಿ 23 ಸಲ ಓಡಿ 44 ಗಜ ಗಳಿಸಿದರು. 2020ರಲ್ಲಿ ಕಾನ್ಸಾಸ್ ಸಿಟಿಯ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಅವರನ್ನು ಫ್ಯಾಂಟಸಿ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲೇ ಎತ್ತಿಕೊಂಡವರು ಅನೇಕರು. ಮೊದಲ ಪಂದ್ಯದಲ್ಲಿ 138 ಗಜ ಓಡಿ ಆಸೆ ಹುಟ್ಟಿಸಿದರು. ಅಕ್ಟೋಬರ್‌ನಲ್ಲಿ ಲಿವಿಯಾನ್ ಬೆಲ್ ಬಂದು ಸೇರಿದರು. ಋತು ಮುಗಿದಾಗ ಓಟದ ಟಚ್‌ಡೌನ್ ನಾಲ್ಕೇ. ಈ ಮೂರು ಪ್ರಕರಣಗಳು ನನ್ನ ವಾದವನ್ನು ಕೆಡವುವುದಿಲ್ಲ, ಅದರ ಗೆರೆಯನ್ನು ಇನ್ನಷ್ಟು ಸ್ಪಷ್ಟ ಮಾಡುತ್ತವೆ. ಪೆನ್ನಿ ಮತ್ತು ಜೋನ್ಸ್ ಅವರಿಗೆ ಪಾಸ್‌ಗಳೂ ಇರಲಿಲ್ಲ, ಗೋಲ್ ಗೆರೆಯ ಓಟಗಳೂ ಇರಲಿಲ್ಲ. ಅವರ ಹಿಂದಿದ್ದದ್ದು ಡ್ರಾಫ್ಟ್‌ನ ಸ್ಥಾನಮಾನ ಒಂದೇ. ಎಡ್ವರ್ಡ್ಸ್-ಹೆಲೇರ್ 36 ಪಾಸ್ ಹಿಡಿದು ಒಟ್ಟು 176 ಅಂಕ ತಂದರು. ಆರನೇ ಸುತ್ತಿನಲ್ಲಿ ಎತ್ತಿಕೊಂಡಿದ್ದರೆ ಅದು ಲಾಭದ ವ್ಯಾಪಾರವೇ. ಮೊದಲ ಸುತ್ತಿನ ಬೆಲೆಗೆ ನಷ್ಟ. ತಂಡದ ಡ್ರಾಫ್ಟ್ ಸುತ್ತನ್ನು ಫ್ಯಾಂಟಸಿ ಬೆಲೆ ಎಂದು ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ. 2024ರಲ್ಲಿ ಟ್ಯಾಂಪಾ ಬೇಯ ಬಕಿ ಅರ್ವಿಂಗ್ ನಾಲ್ಕನೇ ಸುತ್ತಿನ, 125ನೇ ಆಯ್ಕೆ. ಅವರ ಮುಂದಿದ್ದ ರಷಾದ್ ವೈಟ್ ಪಾಸ್ ಹಿಡಿಯುವುದರಲ್ಲೇ ಹೆಸರು ಮಾಡಿದವರು, ಆ ವರ್ಷವೂ 51 ಪಾಸ್ ಹಿಡಿದರು. ಆದರೂ ಅರ್ವಿಂಗ್ 47 ಹಿಡಿದು, 1,122 ಗಜ ಓಡಿ, 246 ಅಂಕ ದಾಟಿದರು. ಆ ಎರಡು ತರಿಗಳಲ್ಲಿ ಯಾವುದೂ ತನ್ನದಾಗುವ ಭರವಸೆ ಅವರಿಗೆ ಆಗಸ್ಟ್‌ನಲ್ಲಿ ಇರಲಿಲ್ಲ. ಆಟದ ಬಲದಿಂದ ಗಳಿಸಿಕೊಂಡರು. ಇಂಥವರನ್ನು ಮೊದಲೇ ಗುರುತಿಸಲು ಈ ಸೂತ್ರದಿಂದ ಆಗದು ಎಂದು ಒಪ್ಪಲೇಬೇಕು. ಕಡಿಮೆ ಬೆಲೆಗೆ ಸಿಗುವಾಗ ಬೆಂಚಿನ ಮೇಲೆ ಕೂರಿಸಿಕೊಳ್ಳುವುದಷ್ಟೇ ದಾರಿ.

ಎರಡನೇ ಆಕ್ಷೇಪ ಅದೃಷ್ಟದ್ದು: ಮಾಂಟ್ಗಮರಿಗೆ ಪೆಟ್ಟಾಗದಿದ್ದರೆ ಗಿಬ್ಸ್ ಎಲ್ಲಿರುತ್ತಿದ್ದರು? ಉತ್ತರ ಹತ್ತನೇ ವಾರದ ಪಂದ್ಯದಲ್ಲಿದೆ. ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ ಲಯನ್ಸ್ 41–38ರಿಂದ ಗೆದ್ದ ಆ ದಿನ ಮಾಂಟ್ಗಮರಿ ಮರಳಿದ್ದರು. 12 ಓಟಗಳಲ್ಲಿ 116 ಗಜ ಓಡಿ, 75 ಗಜದ ಒಂದೇ ಓಟದಲ್ಲಿ ಟಚ್‌ಡೌನ್ ಗಳಿಸಿದರು. ಗಿಬ್ಸ್ 14 ಓಟ, 77 ಗಜ, ಎರಡು ಟಚ್‌ಡೌನ್. ಹಿರಿಯ ಮರಳಿದ ಮೇಲೆ ಹೊಸಬ ಹಿಂದಿನ ಏಳು ಓಟಗಳ ಪಾಲಿಗೆ ಇಳಿಯಲಿಲ್ಲ. ಗಾಯ ಬಾಗಿಲು ತೆರೆಯಿತು, ನಿಜ. ಒಳಗೆ ಬಂದವನನ್ನು ಅಲ್ಲೇ ಉಳಿಸಿದ್ದು ಅವನ ಆಟ. ಇದಲ್ಲದೆ, ಗಾಯವನ್ನು ಅಪರೂಪದ ಆಕಸ್ಮಿಕ ಎಂದು ಲೆಕ್ಕದಿಂದ ಹೊರಗಿಡುವುದೇ ತಪ್ಪು. ಹದಿನೇಳು ಪಂದ್ಯಗಳ ಋತುವಿನಲ್ಲಿ ರನ್ನಿಂಗ್ ಬ್ಯಾಕ್ ಒಂದೆರಡು ಪಂದ್ಯ ತಪ್ಪಿಸಿಕೊಳ್ಳುವುದು ಈ ಕಸುಬಿನ ಮಾಮೂಲು. ಆ ವರ್ಷ ಗಿಬ್ಸ್ ಕೂಡ ಎರಡು ಪಂದ್ಯ ಕಳೆದುಕೊಂಡರು, ಮಾಂಟ್ಗಮರಿ ಮೂರು. ಪಾಲುದಾರನಾಗಿದ್ದಾಗಲೇ ಉಪಯೋಗಕ್ಕೆ ಬರುವ ಹೊಸಬ, ಜೊತೆಗಾರ ಹೊರಗುಳಿದ ವಾರ ಇಡೀ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬನಾಗಬಲ್ಲ ಎಂಬ ಸಾಧ್ಯತೆಗೂ ಒಂದು ಬೆಲೆಯಿದೆ. ಆ ಬೆಲೆಯನ್ನು ಆಗಸ್ಟ್‌ನಲ್ಲಿಯೇ ಕೂಡಿಸಿಕೊಳ್ಳಬೇಕು.

ಹೊಸಬನ ಏರಿಕೆ ತಡವಾಗಿ ಆಗುವುದಕ್ಕೆ ಆಟದೊಳಗಿನ ಕಾರಣವೊಂದಿದೆ, ಅದನ್ನು ಅಂಕಿಪಟ್ಟಿಗಳು ತೋರಿಸುವುದಿಲ್ಲ. ಪಾಸ್ ಎಸೆಯುವ ಪ್ಲೇಗಳಲ್ಲಿ ರನ್ನಿಂಗ್ ಬ್ಯಾಕ್ ಎಷ್ಟೋ ಸಲ ಓಡುವುದೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಮೇಲೆ ಎಗರಿ ಬರುವ ಎದುರಾಳಿಯನ್ನು ತಡೆದು ನಿಲ್ಲುತ್ತಾನೆ. ಯಾರು ಎಲ್ಲಿಂದ ನುಗ್ಗಬಹುದು ಎಂದು ಚೆಂಡು ಹೊರಡುವ ಮುಂಚಿನ ಎರಡು ಮೂರು ಸೆಕೆಂಡಿನಲ್ಲಿ ಓದಿ, ಸರಿಯಾದವನಿಗೆ ಎದೆಯೊಡ್ಡಬೇಕು. ಕಾಲೇಜಿನಲ್ಲಿ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾಗಿದ್ದವನಿಗೆ ಇದು ಹೊಸ ವಿದ್ಯೆ. ಒಮ್ಮೆ ತಪ್ಪಿದರೆ ಕೋಟಿಗಟ್ಟಲೆ ಡಾಲರ್ ಸಂಬಳದ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳುತ್ತಾನೆ. ಆದ್ದರಿಂದ ತರಬೇತುದಾರರು ಮೂರನೇ ಡೌನ್‌ನಂಥ, ಅಂದರೆ ಹತ್ತು ಗಜ ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಂಥ, ಇಕ್ಕಟ್ಟಿನಲ್ಲಿ ನಂಬಿಗಸ್ತ ಹಿರಿಯನನ್ನೇ ಇಳಿಸುತ್ತಾರೆ. ಈ ನಂಬಿಕೆ ಹುಟ್ಟುವವರೆಗೆ ಹೊಸಬ ಎಷ್ಟು ಚೆನ್ನಾಗಿ ಓಡಿದರೂ ಬೆಂಚೇ ಗತಿ. 2018ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ನಿಕ್ ಚಬ್ ಓಕ್ಲಂಡ್‌ನಲ್ಲಿ ಮೂರೇ ಓಟಗಳಲ್ಲಿ 105 ಗಜ, ಎರಡು ಟಚ್‌ಡೌನ್ ಗಳಿಸಿಯೂ ಮೊದಲ ಆರು ಪಂದ್ಯಗಳಲ್ಲಿ ಓಡಿದ್ದು ಒಟ್ಟು 16 ಸಲ. ಅಕ್ಟೋಬರ್ 19ರಂದು ತಂಡ ಹಿರಿಯ ಕಾರ್ಲೊಸ್ ಹೈಡ್ ಅವರನ್ನು ಜಾಕ್ಸನ್‌ವಿಲ್‌ಗೆ ಕಳಿಸಿತು. ಚಬ್ ಋತು ಮುಗಿಸಿದ್ದು 996 ಗಜ, ಎಂಟು ಓಟದ ಟಚ್‌ಡೌನ್‌ಗಳೊಂದಿಗೆ. ಹೀಗಾಗಿ ಪಾಲಿನ ಹೊಸಬನನ್ನು ಡ್ರಾಫ್ಟ್‌ನಲ್ಲಿ ಕೊಂಡವನಿಗೆ ಮೊದಲ ಐದಾರು ವಾರ ದಾಟಿಸಲು ಬೇರೆ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ಕೈಯಲ್ಲಿರಬೇಕು. ಇಲ್ಲದವನು ಅಕ್ಟೋಬರ್ ಮೊದಲ ವಾರ, ಕೊಂಡವನ ತಾಳ್ಮೆ ಬತ್ತಿದ ಹೊತ್ತಿಗೆ, ಅದೇ ಆಟಗಾರನನ್ನು ಅಗ್ಗಕ್ಕೆ ಕೇಳಬಹುದು. ನಾಲ್ಕನೇ ವಾರ ಮುಗಿದಾಗ ಗಿಬ್ಸ್‌ರನ್ನು ಮಾರಿದವರು ಕಳೆದುಕೊಂಡದ್ದು ಮುಂದಿನ ಹನ್ನೊಂದು ಟಚ್‌ಡೌನ್‌ಗಳನ್ನು.

ಒಟ್ಟು ಅಂಕ ಎಷ್ಟೇ ಇರಲಿ, ಯಾವ ವಾರ ಆಡಿಸಬೇಕೆಂದು ಗೊತ್ತಾಗದಿದ್ದರೆ ಏನು ಪ್ರಯೋಜನ ಎಂಬ ಮೂರನೇ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಈ ಅನಿಶ್ಚಿತತೆ ನಿಜ. 2023ರ ಡ್ರಾಫ್ಟ್‌ನಲ್ಲಿ ಎಂಟನೆಯವರಾಗಿ ಅಟ್ಲಾಂಟಾ ಸೇರಿದ ಬಿಜಾನ್ ರಾಬಿನ್ಸನ್ ಫ್ಯಾಂಟಸಿಯಲ್ಲಿ ಮೊದಲ ಸುತ್ತಿನ ಆಟಗಾರ. ಏಳನೇ ವಾರ ಟ್ಯಾಂಪಾದಲ್ಲಿ ಮೈ ಹುಷಾರಿಲ್ಲದೆ ಒಂದೇ ಒಂದು ಸಲ ಓಡಿದರು. ಜೊತೆಗಾರ ಟೈಲರ್ ಅಲ್ಜಿಯರ್ ಆ ವರ್ಷ 186 ಸಲ ಓಡಿದರು. ರಾಬಿನ್ಸನ್‌ಗೆ ಓಟದಿಂದ ನಾಲ್ಕೇ ಟಚ್‌ಡೌನ್. ಆದರೂ ಅವರು ಹಿಡಿದ 58 ಪಾಸ್‌ಗಳು ಕೆಟ್ಟ ವಾರಗಳನ್ನು ತೀರಾ ಕೆಟ್ಟದಾಗಲು ಬಿಡಲಿಲ್ಲ. ಓಟಗಳು ಪಂದ್ಯದ ಗತಿಯನ್ನು ನೆಚ್ಚಿಕೊಂಡಿವೆ: ತಂಡ ಮುಂದಿದ್ದರೆ ಹೆಚ್ಚು, ಹಿಂದಿದ್ದರೆ ಕಡಿಮೆ. ರನ್ನಿಂಗ್ ಬ್ಯಾಕ್‌ಗೆ ಎಸೆಯುವ ಪಾಸ್‌ಗಳು ತಂಡ ಸೋಲುತ್ತಿರುವಾಗಲೂ ಬರುತ್ತವೆ, ಕೆಲವೊಮ್ಮೆ ಹೆಚ್ಚೇ ಬರುತ್ತವೆ. ಬಾಲ್ಟಿಮೋರ್‌ನ ಆ 38–6ರ ಸೋಲಿನಲ್ಲಿ ಗಿಬ್ಸ್ ಹಿಡಿದ ಒಂಬತ್ತನ್ನು ನೆನೆಯಬಹುದು. ಗೋಲ್ ಗೆರೆಯ ಓಟಗಳನ್ನೇ ನಂಬಿದವನ ವಾರಗಳು ಏರುಪೇರಾಗುತ್ತವೆ. ಪಾಸ್ ಹಿಡಿಯುವವನ ವಾರಗಳು ಅಷ್ಟು ಏರುಪೇರಾಗುವುದಿಲ್ಲ. ಎರಡು ತರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ಪಿಪಿಆರ್ ಲೀಗ್‌ನಲ್ಲಿ ಪಾಸ್‌ಗಳನ್ನೇ ಆರಿಸಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಲೀಗ್‌ಗಳಲ್ಲಿ ಈ ಲೆಕ್ಕ ಇನ್ನೂ ಮುಂದೆ ಹೋಗುತ್ತದೆ. ಪಾಲು ಒಂದು ವರ್ಷದ ತೊಂದರೆ, ಹಿರಿಯ ಹೋದಮೇಲೆ ಹೊಸಬನದೇ ರಾಜ್ಯ ಎಂದು ಅಲ್ಲಿ ಸಮಾಧಾನ ಹೇಳಿಕೊಳ್ಳುವುದುಂಟು. ಡೆಟ್ರಾಯಿಟ್‌ನಲ್ಲಿ ಹಾಗೂ ಆಗಲಿಲ್ಲ. 2024ರಲ್ಲಿ ಮಾಂಟ್ಗಮರಿ ಅಲ್ಲೇ ಇದ್ದರು, 185 ಸಲ ಓಡಿ 12 ಟಚ್‌ಡೌನ್ ಗಳಿಸಿದರು. ಗಿಬ್ಸ್ 250 ಸಲ ಓಡಿ 1,412 ಗಜ, ಓಟದಿಂದ 16 ಟಚ್‌ಡೌನ್. ಹಿಂದಿನ ವರ್ಷದಷ್ಟೇ, 52 ಪಾಸ್ ಹಿಡಿದರು. ಈ ಸಲ ಅವುಗಳಿಂದ 517 ಗಜ, 4 ಟಚ್‌ಡೌನ್. ಒಟ್ಟು 20 ಟಚ್‌ಡೌನ್‌ಗಳೊಂದಿಗೆ ಲೀಗ್‌ಗೇ ಮೊದಲಿಗರು, ಪಿಪಿಆರ್ ಲೆಕ್ಕದಲ್ಲಿ 364.9 ಅಂಕ, ತಂಡಕ್ಕೆ 15 ಗೆಲುವು. ಹದಿನೈದನೇ ವಾರ ಬಫಲೊ ವಿರುದ್ಧದ ಪಂದ್ಯದಲ್ಲಿ ಮಾಂಟ್ಗಮರಿಯ ಮಂಡಿಗೆ ಪೆಟ್ಟಾಗುವವರೆಗೂ ಇಬ್ಬರೂ ಸರದಿಯ ಮೇಲೆ ಓಡುತ್ತಲೇ ಇದ್ದರು. ಆಮೇಲಿನ ಮೂರು ಪಂದ್ಯಗಳಲ್ಲಿ ಹೊರೆಯ ಬಹುಪಾಲು ಗಿಬ್ಸ್ ಮೇಲೆ ಬಿತ್ತು. 2025ರ ಜನವರಿ 5ರಂದು ಮಿನ್ನೆಸೋಟಾ ವಿರುದ್ಧದ ಕೊನೆಯ ಪಂದ್ಯದಲ್ಲಿ 139 ಗಜ ಓಡಿ ನಾಲ್ಕು ಟಚ್‌ಡೌನ್ ಗಳಿಸಿದರು, ಮೂರು ಓಟದಿಂದ, ಒಂದು ಪಾಸ್ ಹಿಡಿದು.